ಸ್ಟಾರ್ಲಿಂಗ್ ಹಕ್ಕಿಗಳು ಗುಂಪು ಕಟ್ಟಿ ಹಾರುವುದು ಯಾಕೆ? ಡಿಕ್ಕಿ ಯಾಕೆ ಆಗಲ್ಲ?

ಬಾನಾಡಿ:
ಸಂಜೆ ಹೊತ್ತು ಸಾವಿರಾರು ಸ್ಟಾರ್ಲಿಂಗ್‌ಗಳು ಒಟ್ಟಿಗೆ ಸುತ್ತುವ ವಿಡಿಯೋ ನೀವೂ ನೋಡಿರುತ್ತೀರಿ. ಈಗ ಉದ್ದಕ್ಕೆ ಎಳೆದ ಹಾಗೆ, ಮರುಕ್ಷಣ ಮುದುಡಿ ಕಪ್ಪು ಉಂಡೆ. ಗಿಡುಗದ ಭಯಕ್ಕೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಎಷ್ಟೋ ವಿಡಿಯೋಗಳಲ್ಲಿ ಗಿಡುಗವೇ ಕಾಣಲ್ಲ. ಮತ್ತೆ ಈ ಸರ್ಕಸ್ ಯಾಕೆ? ಇವಕ್ಕೆ ಲೀಡರ್ ಅಂತ ಯಾರಾದರೂ ಇರುತ್ತಾರಾ?

ರೆಕ್ಕೆಪುಕ್ಕ:
ಕಾಣಲ್ಲ ಅಂದರೆ ಇಲ್ಲ ಅಂತಲ್ಲ. ಗುಂಪಿನಲ್ಲಿ ಕಾವಲಿಗೆ ಕಣ್ಣು ಜಾಸ್ತಿ. ಅದಕ್ಕಿಂತ ಮುಖ್ಯ, ಪೆರೆಗ್ರಿನ್ ಫಾಲ್ಕನ್ ಅನ್ನುವ ಬೇಟೆ ಹಕ್ಕಿ ಒಂದು ಸ್ಟಾರ್ಲಿಂಗ್‌ಗೆ ಗುರಿಯಿಟ್ಟು ಎರಗುವಷ್ಟರಲ್ಲಿ ಅದೇ ಥರದ ಹತ್ತಾರು ಅಡ್ಡ ಬಂದುಬಿಡುತ್ತವೆ. ದಾಳಿಯ ವಿಡಿಯೋ ನಿಧಾನ ಮಾಡಿ ನೋಡಿ, ಗುಂಪಿನೊಳಗೆ ಒಂದು ಕಪ್ಪು ಪಟ್ಟಿ ಅಲೆಯಂತೆ ಓಡುತ್ತದೆ. ಹಕ್ಕಿ ಮೈ ವಾಲಿಸಿದಾಗ ರೆಕ್ಕೆಯ ಅಗಲ ನಮ್ಮ ಕಡೆ ತಿರುಗುತ್ತದಲ್ಲ, ಅದು.

ಲೆಕ್ಕದಮೇಷ್ಟ್ರು:
ಲೀಡರ್ ಇಲ್ಲ. 1931ರಲ್ಲಿ ಎಡ್ಮಂಡ್ ಸೆಲಸ್ ಅನ್ನುವ ಪಕ್ಷಿವೀಕ್ಷಕರು ಇದು ಮನಸ್ಸಿಂದ ಮನಸ್ಸಿಗೆ ದಾಟುವ ಯೋಚನೆ ಇರಬಹುದು ಅಂತ ಬರೆದಿದ್ದರು! ಆಮೇಲೆ ರೋಮ್‌ನಲ್ಲಿ ಭೌತವಿಜ್ಞಾನಿಗಳು ಹಲವು ಕ್ಯಾಮೆರಾ ಇಟ್ಟು ಒಂದೊಂದು ಹಕ್ಕಿ ಎಲ್ಲಿದೆ ಅಂತ ಅಳೆದರು. 2021ರಲ್ಲಿ ನೊಬೆಲ್ ಪಡೆದ ಜಾರ್ಜಿಯೋ ಪರೀಸಿ ಆ ತಂಡದಲ್ಲಿದ್ದರು (ನೊಬೆಲ್ ಬಂದಿದ್ದು ಹಕ್ಕಿಗೇ ಅಂತಲ್ಲ ಬಿಡಿ).

2008ರಲ್ಲಿ ಅವರು ಹೇಳಿದ್ದು ಇಷ್ಟು: ಪ್ರತಿ ಹಕ್ಕಿ ಗಮನಿಸುವುದು ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಇಷ್ಟು ಮೀಟರ್ ಒಳಗಿರುವವು ಅಂತಲ್ಲ, ಎಷ್ಟೇ ದೂರ ಇದ್ದರೂ ಹತ್ತಿರದ ಆರೇಳು. ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಇದೇ. ಮೀಟರ್ ಲೆಕ್ಕ ಇಟ್ಟುಕೊಂಡಿದ್ದರೆ ಫಾಲ್ಕನ್ ನುಗ್ಗಿ ಗುಂಪು ಅಗಲವಾದ ಕೂಡಲೇ ಎಷ್ಟೋ ಹಕ್ಕಿಗಳಿಗೆ ನೋಡಿಕೊಳ್ಳಲು ಪಕ್ಕದಲ್ಲಿ ಯಾರೂ ಇರದೆ ಗುಂಪು ಚೂರಾಗುತ್ತಿತ್ತು. ಎಣಿಕೆ ಲೆಕ್ಕ ಆದ್ದರಿಂದ ಹಿಗ್ಗುತ್ತದೆ, ಕುಗ್ಗುತ್ತದೆ, ಸುಲಭಕ್ಕೆ ಹರಿಯಲ್ಲ. ಡಿಕ್ಕಿ ಆಗದಿರುವುದಕ್ಕೂ ಕಾರಣ ಪಕ್ಕದವರ ಮೇಲಿನ ಕಣ್ಣೇ. 1987ರಲ್ಲೇ ಕ್ರೇಗ್ ರೆನಾಲ್ಡ್ಸ್ ಅನ್ನುವ ಗ್ರಾಫಿಕ್ಸ್ ತಜ್ಞರು ಕಂಪ್ಯೂಟರ್‌ನಲ್ಲಿ ಮೂರೇ ನಿಯಮ ಕೊಟ್ಟು ಇಂಥ ಗುಂಪು ಹಾರಿಸಿದ್ದರು. ತೀರಾ ಹತ್ತಿರ ಹೋಗಬೇಡ, ಪಕ್ಕದವರ ದಿಕ್ಕು ವೇಗ ಹಿಡಿ, ಗುಂಪು ಬಿಡಬೇಡ, ಅಷ್ಟೇ.

ಸಂಜೆಮಲ್ಲಿಗೆ:
ಗಿಡುಗ ಕಾಣಲ್ಲ ಅಂದಿದ್ದು ಪೂರ್ತಿ ತಪ್ಪೇನಲ್ಲ. ಜನಸಾಮಾನ್ಯರು ಕಳಿಸಿದ ಮೂರು ಸಾವಿರಕ್ಕೂ ಹೆಚ್ಚು ವರದಿಗಳ ಅಧ್ಯಯನ 2017ರಲ್ಲಿ ಬಂತು. ಬೇಟೆ ಹಕ್ಕಿ ಕಂಡಿದ್ದು ಸುಮಾರು 30%ರಲ್ಲಿ. ಆದರೆ ಅದು ಇದ್ದಾಗ ಗುಂಪು ದೊಡ್ಡದು, ಹಾರಾಟವೂ ಜಾಸ್ತಿ ಹೊತ್ತು. ಇನ್ನೊಂದು ಮಾತು, ಇದು ಮುಖ್ಯವಾಗಿ ಚಳಿಗಾಲದ ಆಟ. ರಾತ್ರಿ ಜೊಂಡಿನಲ್ಲೋ ಮರದಲ್ಲೋ ಒಟ್ಟಿಗೆ ಮಲಗುವ ಮುಂಚೆ ಸೇರುತ್ತವೆ, ವಸಂತ ಬಂದರೆ ಜೋಡಿಯಾಗಿ ಗೂಡಿಗೆ ಹೋಗುತ್ತವೆ. ಮೇವು ಎಲ್ಲಿದೆ ಅಂತ ಹೊಟ್ಟೆ ತುಂಬಿದವರ ಹಿಂದೆ ಬೆಳಿಗ್ಗೆ ಹೋಗಬಹುದು ಅನ್ನುವ ವಾದವೂ ಇದೆ, ನನಗೆ ಅದು ಅಷ್ಟು ಗಟ್ಟಿ ಅನಿಸಲ್ಲ.

ಬಾನಾಡಿ:
ಹಾಗಾದರೆ ಅಂಚಿನಲ್ಲಿರುವವರ ಗತಿ? ಗಿಡುಗಕ್ಕೆ ಮೊದಲು ಸಿಗುವುದು ಅವೇ ಅಲ್ವಾ?

ಲೆಕ್ಕದಮೇಷ್ಟ್ರು:
ಹೌದು, ಅದಕ್ಕೇ ಅಂಚಿನಲ್ಲಿ ಅವು ನಡುವಿಗಿಂತ ಒತ್ತೊತ್ತಾಗಿ ಹಾರುತ್ತವೆ. ರೋಮ್‌ನ ಅಳತೆಯಲ್ಲೇ ಸಿಕ್ಕಿದ್ದು. ಎಲ್ಲವೂ ಒಳಗೆ ನುಗ್ಗಲು ನೋಡುತ್ತವೆ, ಯಾರೂ ಜಾಗ ಬಿಡಲ್ಲ.