ಸೈಪ್ರಸ್‌ನ ಅಕಮಾಸ್‌ಗೆ ಅಪ್ಪ-ಅಮ್ಮ, ಮಗಳ ಜೊತೆ: ಅನುಭವ ಇದ್ದವರು ಹೇಳಿ

ಕೇಳಿದವರು, ಮ್ಯೂನಿಕ್‌ನಿಂದ: ಸೆಪ್ಟೆಂಬರ್ ಕೊನೆಯಲ್ಲಿ ನಾಲ್ಕು ದಿನ ಪಾಫೋಸ್‌ನಲ್ಲಿ ಇರುತ್ತೇವೆ. ಮೈಸೂರಿನಿಂದ ಬಂದಿರುವ ಅಪ್ಪ-ಅಮ್ಮ, ಒಂಬತ್ತು ವರ್ಷದ ಮಗಳು ಜೊತೆಗಿದ್ದಾರೆ. ಅಮ್ಮನಿಗೆ ಮಂಡಿನೋವು. ಲಾರಾದ ಆಮೆ ಕಡಲತೀರ, ಅಫ್ರೋಡೈಟ್ ಸ್ನಾನಕೊಳ, ಬ್ಲೂ ಲಗೂನ್ ಎಂಬ ತಿಳಿನೀರಿನ ಕೊಲ್ಲಿ ಮೂರನ್ನೂ ಬಾಡಿಗೆ ಕಾರಿನಲ್ಲಿ ಒಂದೇ ದಿನ ನೋಡಬಹುದಾ?

ಲಿಮಸಾಲ್‌ನಿಂದ: ಒಂದೇ ದಿನಕ್ಕೆ ಸೇರಿಸಬೇಡಿ. ಅಕಮಾಸ್‌ ಪರ್ಯಾಯ ದ್ವೀಪಕ್ಕೆ ಎರಡು ಬಾಗಿಲು. ಪಶ್ಚಿಮದ್ದು ಪಾಫೋಸ್‌, ಕೋರಲ್ ಬೇ, ಆಗಿಯೋಸ್ ಜಾರ್ಜಿಯೋಸ್ ಮೂಲಕ ಲಾರಾಗೆ. ಉತ್ತರದ್ದು ಪೋಲಿಸ್ ಎಂಬ ಊರು‌, ಲಾಚಿ ಮೂಲಕ ಸ್ನಾನಕೊಳಕ್ಕೆ. ನಕ್ಷೆಯಲ್ಲಿ ಎರಡರ ನಡುವೆ ಗೆರೆ ಕಾಣಿಸುತ್ತದೆ, ಮೊಬೈಲ್ ಆ್ಯಪ್ ಅದನ್ನೇ ರಸ್ತೆ ಅಂತ ತೋರಿಸುತ್ತದೆ. ಅದು ಬಂಡೆ ಎದ್ದ, ಕೊರಕಲು ಬಿದ್ದ ಮಣ್ಣುದಾರಿ. ಆ್ಯಪ್ ನಂಬಿ ಸಣ್ಣ ಕಾರಿನಲ್ಲಿ ನುಗ್ಗಿದವರು ತಿರುಗಿಸಲೂ ಜಾಗವಿಲ್ಲದೆ ಸಿಕ್ಕಿಬೀಳುತ್ತಾರೆ. ಪಶ್ಚಿಮಕ್ಕೆ ಅರ್ಧ ದಿನ, ಉತ್ತರಕ್ಕೆ ಇನ್ನೊಂದು ಪೂರ್ತಿ ದಿನ ಇಡಿ.

ಲಾರಾ ಕಡೆ ಡಾಂಬರು ಮುಗಿದ ಮೇಲೆ ನೆಲ ಒಣಗಿದ್ದರೆ ಸಾಧಾರಣ ಕಾರೂ ಹೋಗುತ್ತದೆ, ಆದರೆ ಗಂಟೆಗೆ 15–20 ಕಿ.ಮೀ. ವೇಗ ಮೀರಬೇಡಿ. ಮಳೆ ಬಿದ್ದರೆ ಜೇಡಿಮಣ್ಣು ಸೋಪಿನ ಹಾಗೆ ಜಾರುತ್ತದೆ, ಆಗ ಹೋಗಲೇಬೇಡಿ. ಬಾಡಿಗೆ ಕರಾರಿನ ವಿಮೆ ಭಾಗ ಮೊದಲು ಓದಿ. ಮಣ್ಣುದಾರಿಯಲ್ಲಿ ಆದ ಹಾನಿ, ಟೈರು, ಗಾಜು, ಕಾರಿನ ತಳ ಇವನ್ನು ಸಾಮಾನ್ಯ ವಿಮೆ ಹೆಚ್ಚಾಗಿ ಹೊರಗಿಡುತ್ತದೆ. ಸ್ಟೆಪ್ನಿ ಇದೆಯಾ, ಗಾಳಿ ಇದೆಯಾ, ಜಾಕ್ ಇದೆಯಾ ಅಂತ ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆದು ನೋಡಿ. ಇಲ್ಲಿ ಊರಿನ ಹಾಗೆ ಎಡಗಡೆ ಓಡಿಸಬೇಕು. ಜರ್ಮನಿಯಲ್ಲಿ ಬಲಕ್ಕೆ ಒಗ್ಗಿದವರು ವೃತ್ತಗಳಲ್ಲಿ ಜಾಗ್ರತೆ.

ನಿಕೋಸಿಯಾದಿಂದ: ಅದಕ್ಕೂ ಮೊದಲು ವೀಸಾ ನೋಡಿ ಸರ್. ಸೈಪ್ರಸ್ ಯುರೋಪಿಯನ್ ಒಕ್ಕೂಟದಲ್ಲಿದೆ, ಒಂದೇ ವೀಸಾದಲ್ಲಿ ಹಲವು ದೇಶ ಓಡಾಡಬಹುದಾದ ಷೆಂಗೆನ್ ವಲಯದಲ್ಲಿಲ್ಲ. ನಿಮ್ಮ ಜರ್ಮನ್ ನಿವಾಸ ಪರವಾನಗಿ ಸಾಕು. ಅಪ್ಪ-ಅಮ್ಮನ ಷೆಂಗೆನ್ ವೀಸಾ ಎರಡು ಅಥವಾ ಹೆಚ್ಚು ಸಲ ಪ್ರವೇಶದ್ದಾಗಿರಬೇಕು, ಅದರಲ್ಲಿ ಒಮ್ಮೆ ಷೆಂಗೆನ್‌ಗೆ ಬಂದಿರಬೇಕು. ಒಂದೇ ಪ್ರವೇಶದ್ದಾದರೆ ಇಲ್ಲಿಗೂ ಆಗುವುದಿಲ್ಲ, ಜರ್ಮನಿಗೆ ವಾಪಸ್ ಹೋಗುವುದಕ್ಕೂ ಆಗುವುದಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮೊದಲು ಸೈಪ್ರಸ್ ರಾಯಭಾರ ಕಚೇರಿಯ ಪುಟ ನೋಡಿ. ಪ್ಲಗ್ ಬ್ರಿಟನ್ನಿನ ಮೂರು ಕಡ್ಡಿಯದು, ಅಡಾಪ್ಟರ್ ತನ್ನಿ.

ಪಾಫೋಸ್‌ನಿಂದ: ಲಾರಾ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಜನ ತಪ್ಪುವುದು ಇಲ್ಲೇ. ಹಸಿರು ಕಡಲಾಮೆ ಮತ್ತು ಲಾಗರ್‌ಹೆಡ್ ಆಮೆ ಎರಡೂ ಇಲ್ಲಿ ಮೊಟ್ಟೆ ಇಡುತ್ತವೆ. 1978ರಲ್ಲಿ ಮೀನುಗಾರಿಕೆ ಇಲಾಖೆ ಸಂರಕ್ಷಣೆ ಶುರುಮಾಡಿತು, 1989ರಿಂದ ಲಾರಾ–ಟೊಕ್ಸೆಫ್ಟ್ರಾ ತೀರಕ್ಕೆ ಕಾನೂನಿನ ರಕ್ಷಣೆ ಇದೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಮರಳಿನ ಮೇಲೆ ಕೊಡೆ, ಮಲಗುವ ಕುರ್ಚಿ, ಡೇರೆ, ವಾಹನ ಯಾವುದೂ ಕೂಡದು. ರಾತ್ರಿ ತಂಗುವ ಹಾಗಿಲ್ಲ.

ಮಗಳಿಗೆ ಕಾರಣ ಹೇಳಿದರೆ ಅವಳೇ ಎಲ್ಲರನ್ನೂ ಕಾಯುತ್ತಾಳೆ. ಮೊಟ್ಟೆಗಳು ಸುಮಾರು ಅರ್ಧ ಮೀಟರ್ ಆಳದಲ್ಲಿರುತ್ತವೆ, ಕೊಡೆಯ ಕೋಲು ನೆಟ್ಟರೆ ಒಡೆಯುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖ ತೀರ್ಮಾನಿಸುತ್ತದೆ, ಬಿಸಿ ಹೆಚ್ಚಾದರೆ ಹೆಣ್ಣು. ಹಾಗಾಗಿ ನೆರಳು ಬಿದ್ದರೂ ವ್ಯತ್ಯಾಸವಾಗುತ್ತದೆ. ಚಕ್ರದ ಗುರುತಿನ ಗುಂಡಿಯಲ್ಲಿ ಮರಿ ಸಿಕ್ಕಿಕೊಂಡರೆ ಕಡಲು ಮುಟ್ಟುವುದಿಲ್ಲ. ಮರಳಿನ ಮೇಲೆ ಲೋಹದ ಬಲೆಗೂಡು ಕಂಡರೆ ಕೆಳಗೆ ಮೊಟ್ಟೆ ಇದೆ ಅಂತ ಅರ್ಥ. ನರಿ ಅಗೆಯದಿರಲಿ ಅಂತ ಅದು, ಮರಿಗಳು ಕಿಂಡಿಯಿಂದ ಹೊರಬರುತ್ತವೆ. ಹೊನ್ನಾವರದ ಕಡೆ ಆಮೆಗೂಡಿಗೆ ಬೇಲಿ ಕಟ್ಟಿ ಕಾಯುವುದನ್ನು ಕಂಡವರಿಗೆ ಇದು ಹೊಸದಲ್ಲ.

ನೀವು ಬರುವ ಹೊತ್ತಿಗೆ ಕೊನೆಯ ಕೆಲವು ಗೂಡುಗಳು ಒಡೆಯುತ್ತಿರಬಹುದು. ಮರಿ ಕಂಡರೆ ಎತ್ತಿ ನೀರಿಗೆ ಬಿಡಬೇಡಿ, ದಾರಿ ಬಿಟ್ಟು ದೂರ ನಿಲ್ಲಿ. ಟಾರ್ಚ್, ಫ್ಲಾಶ್ ಬೇಡ; ಬೆಳಕಿನ ಕಡೆ ತಿರುಗಿ ಅವು ದಾರಿ ತಪ್ಪುತ್ತವೆ. ಬೆಳಗ್ಗೆ ಎಂಟಕ್ಕೆ ತಲುಪಿ ಹನ್ನೊಂದಕ್ಕೆ ಹೊರಡುವುದು ಒಳ್ಳೆಯದು. ತೀರದಲ್ಲಿ ನೆರಳಿಲ್ಲ, ಕೊಡೆಯೂ ಇಲ್ಲ.

ಕೇಳಿದವರು: ತುಂಬ ಉಪಕಾರ. ಒಂದು ದಿನಕ್ಕೆ ಜೀಪ್ ಅಥವಾ ಬಗ್ಗಿ (ಮಣ್ಣುದಾರಿಯ ಸಣ್ಣ ತೆರೆದ ಗಾಡಿ) ತೆಗೆದುಕೊಂಡರೆ ಬ್ಲೂ ಲಗೂನ್‌ಗೆ ಹೋಗಬಹುದಲ್ಲ? ಅಮ್ಮ ನಡೆಯುವುದು ಕಷ್ಟ.

ಲಿಮಸಾಲ್‌ನಿಂದ: ಮಂಡಿನೋವಿನವರಿಗೆ ಆ ಕುಲುಕಾಟ ನಡಿಗೆಗಿಂತ ಕೆಟ್ಟದ್ದು. ಲಾಚಿ ಬಂದರಿನಿಂದ ದೋಣಿ ಹತ್ತಿ. ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಗಿನ ದೋಣಿಯೇ ಇರಲಿ. ಹತ್ತಿಳಿಯಲು ಮೆಟ್ಟಿಲು ಮತ್ತು ಹಿಡಿಕೆ ಹೇಗಿವೆ ಅಂತ ಹಣ ಕೊಡುವ ಮೊದಲು ಅಮ್ಮನಿಗೆ ತೋರಿಸಿ. ಬಂಡೆಗಳಲ್ಲಿ ಕಡಲ ಮುಳ್ಳುಜೀವಿಗಳಿವೆ, ನೀರಿಗಿಳಿಯುವವರಿಗೆ ರಬ್ಬರ್ ಪಾದರಕ್ಷೆ ಬೇಕು.

ಸಣ್ಣ ದೋಣಿ ನೀವೇ ಓಡಿಸುವುದಾದರೆ ಲಂಗರನ್ನು ಬಿಳಿ ಮರಳು ಕಾಣುವಲ್ಲೇ ಇಳಿಸಿ. ಕಪ್ಪಗೆ ಕಾಣುವುದು ಪೊಸಿಡೋನಿಯಾ ಎಂಬ ಕಡಲಹುಲ್ಲು, ಮೀನುಮರಿಗಳ ಆಸರೆ. ಲಂಗರು ಬೇರುಸಮೇತ ಕಿತ್ತರೆ ಮತ್ತೆ ಬೆಳೆಯಲು ಬಹಳ ವರ್ಷ ಬೇಕು.

ಪೋಲಿಸ್‌ನಿಂದ: ಅಫ್ರೋಡೈಟ್ ಸ್ನಾನಕೊಳದವರೆಗೆ ಅಮ್ಮನೂ ನಿಧಾನವಾಗಿ ನಡೆಯಬಹುದು, ಪಾರ್ಕಿಂಗ್‌ನಿಂದ ಹತ್ತಿರ. ಕೊಳದಲ್ಲಿ ಇಳಿಯುವಂತಿಲ್ಲ. ಅಲ್ಲಿಂದ ಶುರುವಾಗುವ ಅಫ್ರೋಡೈಟ್ ಹಾದಿ 7.5 ಕಿ.ಮೀ. ಸುತ್ತು, ಮೂರರಿಂದ ನಾಲ್ಕು ಗಂಟೆ. ಮೌಟಿ ತಿಸ್ ಸೊಟಿರಾಸ್ ಎಂಬ ಶಿಖರದ ಬಳಿ ಸುಮಾರು 370 ಮೀಟರ್ ಎತ್ತರದಿಂದ ಇಡೀ ಪರ್ಯಾಯ ದ್ವೀಪ ಕಾಣುತ್ತದೆ. ಇಳಿಜಾರಿನಲ್ಲಿ ಸಡಿಲ ಜಲ್ಲಿ ಇದೆ, ಚಪ್ಪಲಿಯಲ್ಲಿ ಬರಬೇಡಿ. ಏಳಕ್ಕೇ ಹೊರಡಿ, ತಲೆಗೆ ತಲಾ 3 ಲೀಟರ್ ನೀರು ಇರಲಿ. ದಾರಿಯಲ್ಲಿ ಅಂಗಡಿ ಇಲ್ಲ, ಮೊಬೈಲ್ ಸಂಕೇತ ಅಲ್ಲಲ್ಲಿ ಹೋಗುತ್ತದೆ. ಅಪ್ಪ ಬರುವುದಿದ್ದರೆ ಅರ್ಧಕ್ಕೆ ತಿರುಗುವ ಮನಸ್ಸೂ ಇಟ್ಟುಕೊಂಡು ಬರಲಿ.

ಅವಕಾಸ್ ಕಣಿವೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ಈ ಸಲ ಬಿಡಿ. ಕಲ್ಲು ಉರುಳಿ ಜೀವ ಹೋಗಿರುವ ಜಾಗ ಅದು. ದಾರಿ ಮುಚ್ಚಿದೆ ಎಂಬ ಫಲಕ ಕಂಡರೆ ಪಕ್ಕದಿಂದ ನುಸುಳಬೇಡಿ.

ಪಾಫೋಸ್‌ನಿಂದ: ಇನ್ನೆರಡು ಮಾತು. ಅಕಮಾಸ್‌ನಲ್ಲಿ ಬ್ರಿಟಿಷ್ ಸೇನೆ 1990ರ ದಶಕದವರೆಗೆ ಗುಂಡಿನ ಅಭ್ಯಾಸ ಮಾಡುತ್ತಿತ್ತು. ಸಿಡಿಯದ ಗುಂಡುಗಳ ಎಚ್ಚರಿಕೆ ಫಲಕ ಇದ್ದಲ್ಲಿ ಹಾದಿ ಬಿಡಬೇಡಿ, ತುಕ್ಕು ಹಿಡಿದ ಲೋಹ ಏನು ಕಂಡರೂ ಮಗಳು ಮುಟ್ಟದಿರಲಿ. ಹಾವುಗಳಲ್ಲಿ ಸ್ಥಳೀಯರು ಕೂಫಿ ಅನ್ನುವ ಮಂಡಲಹಾವಿನ ಜಾತಿಯದು ನಿಜವಾಗಿ ಅಪಾಯಕಾರಿ. ಕಲ್ಲುಸಂದಿಗೆ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕಚ್ಚಿದ ಕೈ ಅಥವಾ ಕಾಲನ್ನು ಅಲುಗಿಸದೆ ಕೂರಿಸಿ 112ಕ್ಕೆ ಕರೆ ಮಾಡಿ.

ನಿಕೋಸಿಯಾದಿಂದ: ಊಟಕ್ಕೆ: ಸಸ್ಯಾಹಾರಿಗಳಾದರೆ ಅಲಸಂದೆಯ ಲೌವಿ, ಸುಟ್ಟ ಹಲ್ಲೂಮಿ ಚೀಸ್ ಕೇಳಿ. ದ್ರಾಕ್ಷಿ ಎಲೆಯ ಕುಪೇಪಿಯಾದಲ್ಲಿ ಮಾಂಸ ಇರುವುದೇ ಹೆಚ್ಚು. ಚರ್ಚಿನ ಉಪವಾಸದ ಅಡುಗೆ ಅಂತ ಕೊಡುವುದರಲ್ಲಿ ಸಿಗಡಿ, ಆಕ್ಟೋಪಸ್ ಇರಬಹುದು, ಬಿಡಿಸಿ ಕೇಳಿ. ಲಾರಾಗೆ ಹೋಗುವ ಬೆಳಗ್ಗೆ ಮಾತ್ರ ಬುತ್ತಿ ಕಟ್ಟಿಕೊಂಡೇ ಹೊರಡಿ.