ಗುಜರಿಯಲ್ಲಿ ಸಿಕ್ಕ ಹಳೆಯ ಗೇರ್ ಸೈಕಲ್: ಜೋಡಿ ಕೊಳವೆಯ ಫೋರ್ಕ್ ಇರುವ ಇದು ಯಾವ ಕಂಪನಿಯದು?

ಸಪ್ತಾಪುರದ ಸವಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ 1,800 ರೂಪಾಯಿ ಕೊಟ್ಟು ಹಳೆಯ ಸೈಕಲ್ಲೊಂದನ್ನು ಧಾರವಾಡಕ್ಕೆ ತಂದಿದ್ದೇನೆ. ಇಡೀ ಫ್ರೇಮಿಗೆ ಯಾರೋ ಬ್ರಷ್ಷಿನಿಂದ ಹಸಿರು ಬಣ್ಣ ಬಳಿದಿದ್ದಾರೆ. ಹ್ಯಾಂಡಲ್ಲಿನ ಕೆಳಗೆ ಕಂಪನಿಯ ಬಿಲ್ಲೆ ಇರಬೇಕಾದ ಜಾಗದಲ್ಲಿ ಎರಡು ಸಣ್ಣ ತೂತುಗಳು ಮಾತ್ರ ಉಳಿದಿವೆ. ಬ್ರೇಕುಗಳು ಹಳೆಯ ಸರಳಿನ ಮಾದರಿಯವು. ಚಕ್ರಗಳು 28 ಇಂಚಿನವು, ಮುಂದಿನದರಲ್ಲಿ 32, ಹಿಂದಿನದರಲ್ಲಿ 40 ಕಡ್ಡಿಗಳಿವೆ. ಚೈನ್‌ವೀಲಿನ ಮೇಲೆ ನಮ್ಮ ದೇಶದ ಕಂಪನಿಯೊಂದರ ಹೆಸರಿದೆ. ಆದರೆ ಹಿಂದಿನ ಹಬ್ಬನ್ನು, ಅಂದರೆ ಚಕ್ರದ ನಡುವಿನ ಉರುಳೆಯನ್ನು, ಸೀಮೆಎಣ್ಣೆಯಿಂದ ಒರೆಸಿದಾಗ 'ಸ್ಟರ್ಮಿ ಆರ್ಚರ್' ಎಂಬ ಹೆಸರೂ, 'ಎ.ಡಬ್ಲ್ಯು.' ಎಂಬ ಅಕ್ಷರಗಳೂ, ಅವುಗಳ ಪಕ್ಕದಲ್ಲಿ 51 ಮತ್ತು 8 ಎಂಬ ಅಂಕಿಗಳೂ ಕಾಣಿಸಿದವು. ಸೀಟಿನ ಬೋಲ್ಟಿಗೆ ಸಿಕ್ಕಿಸಿದ್ದ, ಮುನ್ಸಿಪಾಲಿಟಿಯ ಸೈಕಲ್ ತೆರಿಗೆಯ ಹಿತ್ತಾಳೆ ಬಿಲ್ಲೆಯೊಂದು ಕೂಡ ಸಿಕ್ಕಿದೆ. ಅದರಲ್ಲಿ 1958-59 ಎಂದು ಒತ್ತಲಾಗಿದೆ.

ನನ್ನನ್ನು ಹೆಚ್ಚು ಗೊಂದಲಕ್ಕೆ ಕೆಡವಿರುವುದು ಮುಂದಿನ ಫೋರ್ಕ್. ಸಾಮಾನ್ಯ ಸೈಕಲ್ಲಿನಲ್ಲಿ ಚಕ್ರದ ಎರಡೂ ಕಡೆ ಒಂದೊಂದು ಕೊಳವೆ ಇದ್ದರೆ ಇದರಲ್ಲಿ ಎರಡೆರಡು ತೆಳು ಕೊಳವೆಗಳು ಅಕ್ಕಪಕ್ಕದಲ್ಲಿ ಇಳಿದು ಬಂದು ಕೆಳಗೆ ಸೇರಿಕೊಳ್ಳುತ್ತವೆ. ನಮ್ಮ ಬಡಾವಣೆಯ ಮೆಕ್ಯಾನಿಕ್ ಇದನ್ನು ನೋಡಿ, ಮೂಲ ಫೋರ್ಕ್ ಮುರಿದಾಗ ಯಾರೋ ಪೈಪು ಸೇರಿಸಿ ಬೆಸುಗೆ ಹಾಕಿಸಿದ್ದಾರೆ, ಕಿತ್ತು ಹೊಸದು ಹಾಕಿಸುವುದೇ ಕ್ಷೇಮ ಎಂದರು. ಪೆಡಲ್ ತುಳಿಯಲು ವಿಪರೀತ ಭಾರವಾಗಿರುವುದರಿಂದ ಹಿಂದಿನ ಹಬ್ಬನ್ನೂ ತೆಗೆದು ಸಾಮಾನ್ಯ ಫ್ರೀವೀಲ್ ಹಾಕಿಸಬೇಕೆಂಬುದು ಅವರ ಸಲಹೆ. ಎಡಗಡೆಯ ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಆಕ್ಸಲ್ಲಿಗೆ ಬಿಗಿದಿರುವ ಕಾಟರ್ ಪಿನ್ ಎಷ್ಟು ಬಡಿದರೂ ಕದಲುತ್ತಿಲ್ಲ. ಇದು ಯಾವ ಸೈಕಲ್, ಯಾವ ಕಾಲದ್ದು, ಎಲ್ಲಿಂದ ಕೆಲಸ ಶುರು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇಚಕ್ರ

ಸವಾರರೇ, ದಯವಿಟ್ಟು ಆ ಫೋರ್ಕನ್ನು ಯಾರ ಕೈಗೂ ಕೊಡಬೇಡಿ. ನಿಮ್ಮ ಸೈಕಲ್ಲಿನ ಗುರುತಿನ ಚೀಟಿಯೇ ಅದು. ಜೋಡಿ ಕೊಳವೆಯ ಫೋರ್ಕ್ ಇಂಗ್ಲೆಂಡಿನ ಹಂಬರ್ ಸೈಕಲ್ಲುಗಳ ಹೆಗ್ಗುರುತು. ಬಿಲ್ಲೆ ಕಳೆದುಹೋದರೂ ಬಣ್ಣ ಬದಲಾದರೂ ದೂರದಿಂದಲೇ ಹಂಬರನ್ನು ಗುರುತಿಸಲು ಹಳಬರು ನೋಡುತ್ತಿದ್ದದ್ದು ಇದನ್ನೇ. ಬೆಸುಗೆಯ ಕೆಲಸವೋ ಕಾರ್ಖಾನೆಯ ಕೆಲಸವೋ ಎಂಬ ಅನುಮಾನವನ್ನು ನೀವೇ ಬಗೆಹರಿಸಿಕೊಳ್ಳಬಹುದು. ಬಣ್ಣವನ್ನು ಸ್ವಲ್ಪ ಕೆರೆದು ನೋಡಿದಾಗ ಕೊಳವೆಗಳು ಮೇಲಿನ ಕಿರೀಟದೊಳಗೆ (ಅವನ್ನು ಒಟ್ಟಿಗೆ ಹಿಡಿದಿರುವ ಫೋರ್ಕಿನ ತಲೆಯೊಳಗೆ) ನುಣುಪಾಗಿ ಸೇರಿಕೊಂಡು, ಸಂದಿನಲ್ಲಿ ಹಿತ್ತಾಳೆಯ ಹಳದಿ ಗೆರೆ ಕಂಡರೆ ಅದು ಕಾರ್ಖಾನೆಯದು. ಉಬ್ಬುಬ್ಬಾದ ಬೆಸುಗೆಯ ಗುಡ್ಡೆಗಳಿದ್ದರೆ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ. ಎಡಬಲಗಳೆರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ರಿಪೇರಿ ಎಂಬ ಮಾತನ್ನು ಮರೆತುಬಿಡಿ.

ಹಂಬರ್ ಕಂಪನಿಯ ಸೈಕಲ್ ವ್ಯವಹಾರವನ್ನು ನಾಟಿಂಗ್‌ಹ್ಯಾಮಿನ ರಾಲಿ ಕಂಪನಿ 1932ರಲ್ಲಿ ಕೊಂಡುಕೊಂಡಿತು. ಆದ್ದರಿಂದ 1950ರ ದಶಕದ ಹಂಬರ್ ಎಂದರೆ ಒಳಗಿನ ಅಳತೆಗಳಲ್ಲೆಲ್ಲ ರಾಲಿಯೇ. ಇದು ಬರೀ ಇತಿಹಾಸದ ಮಾತಲ್ಲ, ಬಿಡಿಭಾಗ ಕೊಳ್ಳುವಾಗ ಜೇಬಿಗೆ ತಾಗುವ ಮಾತು. ರಾಲಿ ಕಂಪನಿ ತನ್ನ ಸೈಕಲ್ಲುಗಳ ಬಾಟಮ್ ಬ್ರ್ಯಾಕೆಟ್ (ಕ್ರ್ಯಾಂಕಿನ ಆಕ್ಸಲ್ ತಿರುಗುವ ಜಾಗ) ಒಳಗಿನ, ಗುಂಡುಗಳು ಕೂರುವ ಬಟ್ಟಲುಗಳಿಗೂ ಹ್ಯಾಂಡಲ್ ಕೆಳಗಿನ ಬಟ್ಟಲುಗಳಿಗೂ ಇಂಚಿಗೆ 26 ಥ್ರೆಡ್ ಇಡುತ್ತಿತ್ತು, ಉಳಿದ ಬ್ರಿಟಿಷ್ ಕಂಪನಿಗಳು ಸಾಮಾನ್ಯವಾಗಿ 24 ಇಡುತ್ತಿದ್ದವು. ಸುತ್ತಳತೆ ಒಂದೇ ಆಗಿರುವುದರಿಂದ 24ರ ಬಟ್ಟಲು ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. ತುಕ್ಕು ಇರಬಹುದೆಂದು ಉದ್ದನೆಯ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಆದ್ದರಿಂದ ಹಳೆಯ ಬಟ್ಟಲುಗಳಲ್ಲಿ ಗುಳಿ ಬಿದ್ದಿಲ್ಲವಾದರೆ ಅವನ್ನೇ ಉಳಿಸಿಕೊಳ್ಳಿ.

ಇನ್ನು ಕಾಲದ ವಿಷಯ. ಸ್ಟರ್ಮಿ ಆರ್ಚರ್ ಎಂಬ ಇಂಗ್ಲಿಷ್ ಗೇರ್ ಕಂಪನಿ ತನ್ನ ಹಬ್ಬುಗಳ ಮೇಲೆ ತಯಾರಾದ ವರ್ಷವನ್ನೂ ತಿಂಗಳನ್ನೂ ಒತ್ತುತ್ತಿತ್ತು. 51 ಎನ್ನುವುದು ತಿಂಗಳಾಗಲು ಸಾಧ್ಯವಿಲ್ಲವಾದ್ದರಿಂದ ಹಬ್ 1951ರ ಎಂಟನೆಯ ತಿಂಗಳಿನದು. ಆದರೆ ಅದು ಹಬ್ಬಿನ ಜನ್ಮದಿನವೇ ಹೊರತು ಸೈಕಲ್ಲಿನದಲ್ಲ. ಚಕ್ರ ಬದಲಾಗುವುದು ಹೊಸದೇನಲ್ಲ, ಗೇರ್ ಇಲ್ಲದ ಸೈಕಲ್ಲಿಗೆ ಆಮೇಲೆ ಗೇರ್ ಹಬ್ ಕೂಡಿಸಿಕೊಂಡವರೂ ಇದ್ದರು. ಸರಳು ಬ್ರೇಕಿನ ಹ್ಯಾಂಡಲ್ಲಿನಲ್ಲಿ ಅಥವಾ ಮೇಲಿನ ಅಡ್ಡ ಕೊಳವೆಯ ಮೇಲೆ ಗೇರ್ ಲಿವರಿನ ಪಟ್ಟಿ ಕೂತಿದ್ದ ಗುರುತು ಇದೆಯೇ, ಅದು ಹಸಿರು ಬಣ್ಣದ ಕೆಳಗಿದೆಯೇ ಮೇಲಿದೆಯೇ ಎಂದು ನೋಡಿ. ನಿಮ್ಮ ತೆರಿಗೆ ಬಿಲ್ಲೆಯಿಂದ ಒಂದು ಕೊನೆಯ ಗಡುವು ಸಿಗುತ್ತದೆ: ಅದು ಇದೇ ಸೈಕಲ್ಲಿನದಾದರೆ 1958-59ರ ಹೊತ್ತಿಗೆ ಇದು ನಮ್ಮ ರಸ್ತೆಗಳಲ್ಲಿ ಓಡಾಡುತ್ತಿತ್ತು. ಕಡ್ಡಿಗಳ ಲೆಕ್ಕದಿಂದ ಏನೂ ಹೇಳಲಾಗದು. ಹಿಂದೆ 40, ಮುಂದೆ 32 ಎಂಬುದು ಇಂಗ್ಲಿಷ್ ಪದ್ಧತಿ, ಅದನ್ನೇ ನಮ್ಮವರೂ ಮುಂದುವರಿಸಿದರು.

ಚೈನ್‌ವೀಲ್ ಖಂಡಿತ ಮೂಲದ್ದಲ್ಲ. ಆ ಕಾಲದ ಒಳ್ಳೆಯ ಸೈಕಲ್ಲುಗಳಲ್ಲಿ ಚೈನ್‌ವೀಲೇ ಕಂಪನಿಯ ಮುದ್ರೆಯಾಗಿತ್ತು. ರಾಲಿಯದರಲ್ಲಿ ಕೊಕ್ಕರೆಯ ತಲೆ, ಬಿ.ಎಸ್.ಎ.ಯದರಲ್ಲಿ ಮೂರು ಬಂದೂಕು, ರಡ್ಜ್‌ನದರಲ್ಲಿ ಅಂಗೈ, ಹಂಬರಿನದರಲ್ಲಿ ಪುಟ್ಟ ಮನುಷ್ಯಾಕೃತಿಗಳು. ಚೈನ್‌ವೀಲ್ ಬಲಗಡೆಯ ಕ್ರ್ಯಾಂಕಿಗೆ ಅಂಟಿಕೊಂಡೇ ಬರುತ್ತಿದ್ದುದರಿಂದ ಹಲ್ಲು ಸವೆದಾಗ ಎರಡನ್ನೂ ಸೇರಿಸಿ ಬದಲಾಯಿಸಿರಬೇಕು.

ಕಾಟರ್ ಪಿನ್ನು

ನಾನು ಮೈಸೂರಿನವನು, ಐ.ಟಿ.ಐ.ಯಲ್ಲಿ ಫಿಟ್ಟರ್ ವಿಭಾಗದ ಬೋಧಕನಾಗಿದ್ದು ನಿವೃತ್ತನಾದವನು. ಕಂಪನಿಯ ವಿಷಯವನ್ನು ಹಳೇಚಕ್ರ ಅವರು ಹೇಳಿಯಾಗಿದೆ, ಕೈಕೆಲಸದ ಬಗ್ಗೆ ನಾನು ಬರೆಯುತ್ತೇನೆ.

ಮೊದಲು ಆ ಭಾರದ ವಿಷಯ. ಗೇರಿನ ಕೇಬಲ್ ಇದೆಯೇ? ನೀವು ಅದರ ಬಗ್ಗೆ ಬರೆದಿಲ್ಲವಾದ್ದರಿಂದ ಇಲ್ಲವೆಂದೇ ಭಾವಿಸುತ್ತೇನೆ. ಎ.ಡಬ್ಲ್ಯು. ಹಬ್ಬಿನಲ್ಲಿ ಮೂರು ಗೇರುಗಳಿವೆ. ನಡುವಿನದು ನೇರ, ಅಂದರೆ ಹಬ್ಬಿನ ಮೇಲಿನ ಹಲ್ಲುಚಕ್ರ ಒಂದು ಸುತ್ತು ಸುತ್ತಿದರೆ ಹಿಂದಿನ ಚಕ್ರವೂ ಒಂದು ಸುತ್ತು. ಕೆಳಗಿನದರಲ್ಲಿ ಮುಕ್ಕಾಲು ಸುತ್ತು, ಮೇಲಿನದರಲ್ಲಿ ಒಂದೂಮೂರನೆಯ ಒಂದು ಸುತ್ತು. ಕೇಬಲ್ ಎಳೆದರೆ ಗೇರ್ ಕೆಳಗಿಳಿಯುತ್ತದೆ, ಸಡಿಲ ಬಿಟ್ಟರೆ ಒಳಗಿನ ಸ್ಪ್ರಿಂಗ್ ತಾನಾಗಿ ಮೇಲಿನ ಗೇರಿಗೆ ತಳ್ಳುತ್ತದೆ. ಕೇಬಲ್ ತುಂಡಾಗಿರುವ ಸೈಕಲ್ ಸದಾಕಾಲ ಮೂರನೆಯ ಗೇರಿನಲ್ಲೇ ಇರುತ್ತದೆ, ಧಾರವಾಡದ ಏರಿನಲ್ಲಿ ಅದನ್ನು ತುಳಿದರೆ ಭಾರವೆನಿಸದೆ ಇನ್ನೇನಾದೀತು! ಹಬ್ ಕೆಟ್ಟಿದೆ ಎಂದು ತೀರ್ಮಾನಿಸಿ ಗುಜರಿಗೆ ಹಾಕಿದ ಎಷ್ಟೋ ಹಬ್ಬುಗಳಲ್ಲಿ ಕೆಟ್ಟಿದ್ದದ್ದು ಕೇಬಲ್ ಮಾತ್ರ.

ಹಬ್ಬಿನ ಹೊಟ್ಟೆಯ ಮೇಲೆ ಎಣ್ಣೆ ಹಾಕುವ ಸಣ್ಣ ಮುಚ್ಚಳವಿರುತ್ತದೆ. ಅದರೊಳಗೆ ಎರಡು ಚಮಚ ಸೀಮೆಎಣ್ಣೆ ಬಿಟ್ಟು ಚಕ್ರವನ್ನು ಹಿಂದೆಮುಂದೆ ತಿರುಗಿಸಿ, ಸೈಕಲ್ಲನ್ನು ಒಂದು ಮಗ್ಗುಲಿಗೆ ಒರಗಿಸಿ ರಾತ್ರಿಯಿಡೀ ಬಿಡಿ. ಗಟ್ಟಿಯಾದ ಹಳೆಯ ಎಣ್ಣೆ ಕರಗಿ ಕಪ್ಪಗೆ ಹೊರಬರುತ್ತದೆ. ಬರುವುದು ನಿಂತ ಮೇಲೆ 20ನೆಯ ದರ್ಜೆಯ ತೆಳುವಾದ ಎಂಜಿನ್ ಆಯಿಲನ್ನು ಒಂದು ಚಮಚ ಹಾಕಿದರೆ ಸಾಕು. ಗ್ರೀಸನ್ನು ಹಬ್ಬಿನ ಒಳಗೆ ತುಂಬಬಾರದು, ಅಲ್ಲಿರುವ ಕೂದಲಿನಷ್ಟು ತೆಳುವಾದ ಸ್ಪ್ರಿಂಗುಗಳು ಅದರಲ್ಲಿ ಹೂತುಹೋಗಿ ಕೆಲಸ ಮಾಡುವುದಿಲ್ಲ. ಕೊಬ್ಬರಿ ಎಣ್ಣೆಯನ್ನಂತೂ ಹಾಕಲೇಬಾರದು. ಚಳಿಗಾಲದಲ್ಲಿ ಅದು ಬಾಟಲಿಯಲ್ಲಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು, ಹೀಗಿದ್ದೂ ಹಾಕಿದವರನ್ನು ನಾನು ಕಂಡಿದ್ದೇನೆ.

ಈಗ ಕಾಟರ್ ಪಿನ್. ಸುತ್ತಿಗೆಯಿಂದ ಬಡಿಯುವುದನ್ನು ದಯವಿಟ್ಟು ನಿಲ್ಲಿಸಿ. ಕ್ರ್ಯಾಂಕಿಗೆ ಕೆಳಗಿನಿಂದ ಆಸರೆ ಕೊಡದೆ ಬಡಿದರೆ ಪ್ರತಿ ಏಟೂ ಆಕ್ಸಲ್ ಮೂಲಕ ಗುಂಡುಗಳಿಗೆ ಇಳಿದು ಬಟ್ಟಲಿನಲ್ಲಿ ಗುಳಿ ಮಾಡುತ್ತದೆ. ಆ ಬಟ್ಟಲು ಸುಲಭವಾಗಿ ಸಿಗುವಂಥದ್ದಲ್ಲ ಎಂದು ಮೇಲೆ ಹೇಳಿಯಾಗಿದೆ. ಸೀಮೆಎಣ್ಣೆ ಮತ್ತು ಎಂಜಿನ್ ಆಯಿಲಿನ ಮಿಶ್ರಣವನ್ನು ಪಿನ್ನಿನ ಎರಡೂ ತುದಿಗೆ ಎರಡು ದಿನ ಬಿಡುತ್ತಿರಿ. ಆಮೇಲೆ ನಟ್ಟನ್ನು ಸಡಿಲಿಸಿ, ಅದರ ಮೇಲ್ಮುಖವೂ ಪಿನ್ನಿನ ತುದಿಯೂ ಒಂದೇ ಮಟ್ಟಕ್ಕೆ ಬರುವಂತೆ ನಿಲ್ಲಿಸಿ. ಇದರಿಂದ ಪಿನ್ನಿನ ಥ್ರೆಡ್ ಉಳಿಯುತ್ತದೆ. ಪಿನ್ನಿನ ದಪ್ಪ ತಲೆ ಒಳಗೆ ಇಳಿಯುವಷ್ಟು ಅಗಲದ ದಪ್ಪ ಕಬ್ಬಿಣದ ಪೈಪನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ಒಂದು ತುದಿ ಕಲ್ಲುನೆಲದ ಮೇಲೂ ಇನ್ನೊಂದು ತುದಿ ಕ್ರ್ಯಾಂಕಿನ ಅಡಿಯಲ್ಲೂ ಕೂರುವಂತೆ ನಿಲ್ಲಿಸಿ, ದೊಡ್ಡ ಸುತ್ತಿಗೆಯಿಂದ ನೇರವಾಗಿ ಒಂದೇ ಒಂದು ಬಲವಾದ ಏಟು ಕೊಡಿ. ಹತ್ತು ಅಳುಕಿನ ಏಟುಗಳು ಪಿನ್ನಿನ ತುದಿಯನ್ನು ಅಣಬೆ ಮಾಡುತ್ತವೆಯೇ ಹೊರತು ಹೊರಗೆ ತಳ್ಳುವುದಿಲ್ಲ. ಅದಕ್ಕೂ ಜಗ್ಗದಿದ್ದರೆ ಡ್ರಿಲ್ಲಿಂಗ್ ಒಂದೇ ದಾರಿ.

ಹೊಸ ಪಿನ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬ್ರಿಟಿಷ್ ಕ್ರ್ಯಾಂಕಿನದು ಸಾಮಾನ್ಯವಾಗಿ 9.5 ಮಿ.ಮೀ. ದಪ್ಪವಿರುತ್ತದೆ. ಎಡಬಲದ ಪಿನ್ನುಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಿಂದ ಒಳಹೋಗಬೇಕು, ಇಲ್ಲವಾದರೆ ಎರಡು ಕ್ರ್ಯಾಂಕುಗಳು ಒಂದೇ ನೇರದಲ್ಲಿ ನಿಲ್ಲುವುದಿಲ್ಲ. ಬಾಟಮ್ ಬ್ರ್ಯಾಕೆಟ್ ಬಿಚ್ಚಿದಾಗ ಬಲಗಡೆಯ ಬಟ್ಟಲನ್ನು ಮುಟ್ಟಬೇಡಿ. ಅದರದು ಎಡಸುತ್ತಿನ ಥ್ರೆಡ್, ಅರಿಯದೆ ತಿರುಗಿಸಿದವರು ಬಿಚ್ಚುತ್ತಿದ್ದೇವೆಂದುಕೊಂಡು ಬಿಗಿ ಮಾಡುತ್ತಾರೆ. ಇದ್ದಲ್ಲೇ ಒರೆಸಿ, ಒಂದೊಂದು ಕಡೆಗೆ ಕಾಲಿಂಚಿನ ಹನ್ನೊಂದು ಹೊಸ ಗುಂಡುಗಳನ್ನು ಗ್ರೀಸಿನಲ್ಲಿ ಕೂರಿಸಿದರೆ ಆಯಿತು.

ಟಯರಿನ ಚಿಂತೆ ಬೇಡ. ಹಾಲಿನವರ ಸೈಕಲ್ಲಿಗೆ ಹಾಕುವ 28-ಒಂದೂವರೆ ಟಯರೇ ಇದಕ್ಕೂ ಆಗುತ್ತದೆ. ಪಕ್ಕದಲ್ಲಿ 635 ಎಂದು ಅಚ್ಚಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಿ, 622 ಎಂದಿದ್ದರೆ ಅದು ಬೇರೆ ಅಳತೆ.

ಜಯನಗರ ನಾಲ್ಕನೇ ಬ್ಲಾಕ್

ಹಿರಿಯರ ಮಾತಿಗೆ ಎದುರಾಡುತ್ತಿದ್ದೇನೆಂದು ಭಾವಿಸಬಾರದು. ನಾನಾಗಿದ್ದರೆ ಮೊದಲು ಎಲ್ಲವನ್ನೂ ಬಿಚ್ಚಿ ಫ್ರೇಮನ್ನು ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟು, ಕಪ್ಪು ಪೌಡರ್ ಕೋಟಿಂಗ್ ಮಾಡಿಸುತ್ತಿದ್ದೆ. ಹಸಿರು ಬಣ್ಣದ ಅಡಿಯಲ್ಲಿ ತುಕ್ಕು ಎಷ್ಟು ಆಳಕ್ಕೆ ಇಳಿದಿದೆಯೋ ಯಾರಿಗೆ ಗೊತ್ತು? ನನ್ನ ತಾತನ ಸೈಕಲ್ಲಿಗೆ ಹಾಗೆ ಮಾಡಿಸಿ ಆರು ವರ್ಷವಾಯಿತು, ಇಂದಿಗೂ ಒಂದು ಚುಕ್ಕಿ ತುಕ್ಕಿಲ್ಲ.

ಹಳೇಚಕ್ರ

ಓಡಾಟಕ್ಕಷ್ಟೇ ಬೇಕಾದ ಸೈಕಲ್ಲಾದರೆ ನಿಮ್ಮ ದಾರಿ ತಪ್ಪಲ್ಲ. ಆದರೆ ಇಲ್ಲಿ ಬಿಲ್ಲೆ ಇಲ್ಲ, ಚೈನ್‌ವೀಲ್ ಇಲ್ಲ. ಹೆಸರು ಎಲ್ಲಾದರೂ ಉಳಿದಿದ್ದರೆ ಅದು ಆ ಹಸಿರಿನ ಕೆಳಗೇ ಇರಬೇಕು. ಮರಳಿನ ಹೊಡೆತಕ್ಕೆ ಕೊಟ್ಟರೆ ಒಂದೇ ಗಂಟೆಯಲ್ಲಿ ಅದೂ ಹೋಗುತ್ತದೆ. ಕಾರ್ಖಾನೆಯಲ್ಲಿ ಕುಲುಮೆಗಿಟ್ಟು ಒಣಗಿಸಿದ ಮೂಲ ಬಣ್ಣ ಗಟ್ಟಿ, ಮೇಲೆ ಬ್ರಷ್ಷಿನಿಂದ ಬಳಿದದ್ದು ಅದಕ್ಕಿಂತ ಮೆದು. ಈ ವ್ಯತ್ಯಾಸವೇ ನಮಗೆ ಅನುಕೂಲ. ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಬಿಸಿ ಮಾಡಿ, ಹಳೆಯ ಎ.ಟಿ.ಎಂ. ಕಾರ್ಡಿನ ಅಂಚಿನಿಂದ ಮೆಲ್ಲಗೆ ಕೆರೆಯಿರಿ. ಮೊದಲ ಪ್ರಯತ್ನ ಬಾಟಮ್ ಬ್ರ್ಯಾಕೆಟ್ಟಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ನಡೆಯಲಿ. ಪೇಂಟ್ ರಿಮೂವರ್ ಹಚ್ಚಬೇಡಿ, ಅಕ್ಷರಗಳು ಮೊದಲು ಹೋಗುತ್ತವೆ.

ತುಕ್ಕಿನ ಭಯ ಮಾತ್ರ ನ್ಯಾಯವಾದದ್ದೇ. ಸೀಟಿನ ಕಂಬ ತೆಗೆದು ಕೊಳವೆಯೊಳಗೆ ಟಾರ್ಚ್ ಬಿಡಿ, ಫೋರ್ಕಿನ ಕಿರೀಟದ ಅಡಿಯನ್ನು ಬೆಳಕಿನಲ್ಲಿ ನೋಡಿ. ಅಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಫೋರ್ಕಿನ ಮೇಲೆ ಸವಾರಿ ಬೇಡ, ಹಂಬರ್ ಆಗಿರಲಿ ಏನೇ ಆಗಿರಲಿ.

ಸಪ್ತಾಪುರದ ಸವಾರ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಫೋರ್ಕಿನ ಸಂದಿನಲ್ಲಿ ಹಳದಿ ಗೆರೆ ಸ್ಪಷ್ಟವಾಗಿ ಕಾಣಿಸಿತು, ಬಿರುಕು ಎಲ್ಲಿಯೂ ಇಲ್ಲ. ನಾಲ್ಕು ಸಂಜೆ ಕೂತು ಕೆರೆದ ಮೇಲೆ ಕೆಳಗಿನ ಓರೆ ಕೊಳವೆಯ ಮೇಲೆ ಕಪ್ಪು ಬಣ್ಣವೂ ಬಂಗಾರದ ಗೆರೆಯೂ 'ಹಂಬರ್' ಎಂಬ ಇಂಗ್ಲಿಷ್ ಹೆಸರಿನ ಕೊನೆಯ ಮೂರು ಅಕ್ಷರಗಳೂ ಹೊರಬಂದವು. ಮೇಲಿನ ಕೊಳವೆಯ ಮೇಲೆ, ಹಸಿರು ಬಣ್ಣದ ಅಡಿಯಲ್ಲಿ, ಗೇರ್ ಲಿವರಿನ ಪಟ್ಟಿಯ ಗುರುತೂ ಇದೆ. ಕಾಟರ್ ಪಿನ್ ಪೈಪಿನ ಉಪಾಯಕ್ಕೂ ಬಗ್ಗಲಿಲ್ಲ; ನಾನು ಮೊದಲೇ ಬಡಿದು ಅದನ್ನು ಸೊಟ್ಟ ಮಾಡಿದ್ದೆನಾದ್ದರಿಂದ ಡ್ರಿಲ್ ಮಾಡಿಸಬೇಕಾಯಿತು. ಬಟ್ಟಲುಗಳು ಅದೃಷ್ಟವಶಾತ್ ಚೆನ್ನಾಗಿವೆ.

ಹಳೆಯ ಲಿವರ್ ಹಾಗೂ ಕೇಬಲ್ ಹೊಂದಿಸಿಕೊಂಡೆ, ಗೇರುಗಳು ಬೀಳುತ್ತಿವೆ. ಆದರೆ ಎರಡನೆಯ ಗೇರಿನಲ್ಲಿ ಏರು ತುಳಿಯುವಾಗ ಒಮ್ಮೊಮ್ಮೆ ಪೆಡಲ್ ಹಿಡಿತ ತಪ್ಪಿ ಧಡಕ್ಕನೆ ಕೆಳಗೆ ಹೋಗುತ್ತದೆ. ಹಬ್ಬಿನ ಹಲ್ಲುಗಳು ಸವೆದಿವೆಯೇ?

ಕಾಟರ್ ಪಿನ್ನು

ಸವೆದಿರಲಾರದು, ಕೇಬಲ್ ಹದಕ್ಕೆ ಬಂದಿಲ್ಲ. ಈ ಹಬ್ಬಿನಲ್ಲಿ ಎರಡು ಮತ್ತು ಮೂರನೆಯ ಗೇರುಗಳ ನಡುವೆ ಏನನ್ನೂ ಹಿಡಿಯದ ಒಂದು ಖಾಲಿ ಜಾಗವಿದೆ, ಕೇಬಲ್ ತುಸು ಸಡಿಲವಾದರೂ ಹಬ್ ಅಲ್ಲಿಗೆ ಜಾರುತ್ತದೆ. ಲಿವರನ್ನು ನಡುವಿನ ಗೇರಿಗೆ ಇಟ್ಟು, ಬಲಗಡೆಯ ಆಕ್ಸಲ್ ನಟ್ಟಿನಲ್ಲಿರುವ ಕಿಂಡಿಯಿಂದ ಒಳಗೆ ನೋಡಿ. ಸಣ್ಣ ಸರಪಳಿಗೆ ಜೋಡಿಸಿದ ತೆಳು ಕಡ್ಡಿಯ ತುದಿ ಆಕ್ಸಲ್ ತುದಿಯ ಮಟ್ಟಕ್ಕೆ ಸರಿಯಾಗಿ ನಿಂತಿರಬೇಕು. ಆಕ್ಸಲ್ಲಿನೊಳಗೆ ಹುದುಗಿಕೊಂಡಿದ್ದರೆ ಕೇಬಲ್ ಬಿಗಿ ಮಾಡಿ, ಹೊರಗೆ ಬಂದಿದ್ದರೆ ಸಡಿಲಿಸಿ, ಕೊನೆಗೆ ಲಾಕ್ ನಟ್ ಹಾಕಿ. ಆ ಸರಪಳಿಯನ್ನು ಪೂರ್ತಿ ತಿರುಗಿಸಿ ಒಳಗೆ ಕೂರಿಸಿದ ಮೇಲೆ ಅರ್ಧ ಸುತ್ತಿಗಿಂತ ಹೆಚ್ಚು ಹಿಂದಕ್ಕೆ ಬಿಡಬಾರದು. ಅದು ಸರಿಹೋಗುವವರೆಗೆ ಸೀಟಿನಿಂದೆದ್ದು ನಿಂತು ತುಳಿಯಬೇಡಿ. ಮಳೆ ಶುರುವಾದ ಮೇಲೆ ಬ್ರೇಕನ್ನೂ ಸ್ವಲ್ಪ ಮುಂಚೆಯೇ ಹಿಡಿಯಿರಿ, ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಕೂಡಲೇ ಹಿಡಿಯುವುದಿಲ್ಲ.