ಪ್ರೊಮಿಥಿಯಸ್ ಯಾಕೆ ಇಷ್ಟು ನಿರಾಸೆ ಮಾಡಿತು?

ಮಧ್ಯರಾತ್ರಿ_ಶೋ (ಪ್ರಶ್ನೆ)

ಸ್ಪಾಯ್ಲರ್ ಇದೆ, ಸಿನಿಮಾ ನೋಡದವರು ಮುಂದೆ ಓದಬೇಡಿ.

1979ರ ಏಲಿಯನ್, 1986ರ ಏಲಿಯನ್ಸ್ ಎರಡನ್ನೂ ನೋಡಿ ಮುಗಿಸಿ ಈಗ 2012ರ ಪ್ರೊಮಿಥಿಯಸ್ ನೋಡಿದೆ. ಮೊದಲ ಚಿತ್ರ ಮಾಡಿದ ರಿಡ್ಲಿ ಸ್ಕಾಟ್ ಅವರೇ 33 ವರ್ಷ ಬಿಟ್ಟು ಈ ಕಥೆಗೆ ವಾಪಸ್ ಬಂದಿದ್ದಾರೆ ಅಂದಮೇಲೆ ನಿರೀಕ್ಷೆ ಜಾಸ್ತಿಯೇ ಇತ್ತು. ಕಣ್ಣಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಜಲಪಾತದ ಅಂಚಿನಲ್ಲಿ ಬಿಳಿ ಮೈಯ ದೈತ್ಯನೊಬ್ಬ ಕಪ್ಪು ದ್ರವ ಕುಡಿದು ಪುಡಿಪುಡಿಯಾಗಿ ನೀರಿಗೆ ಬೀಳುವ ಆ ಮೊದಲ ದೃಶ್ಯ ನೋಡಿ ಉಸಿರು ಬಿಗಿಹಿಡಿದು ಕೂತಿದ್ದೆ. ಆದರೆ ಮುಗಿಯುವಷ್ಟರಲ್ಲಿ ನಿಜಕ್ಕೂ ಸಿಟ್ಟು ಬಂತು.

ನಾನು ಕಾದಿದ್ದು ಒಂದೇ ಒಂದು ವಿಷಯಕ್ಕೆ. ಮೊದಲ ಚಿತ್ರದಲ್ಲಿ ಪಾಳುಬಿದ್ದ ಹಡಗಿನೊಳಗೆ ಕುರ್ಚಿಯಲ್ಲಿ ಸತ್ತು ಕೂತ ದೈತ್ಯ ಇದ್ದಾನಲ್ಲ, ಅವನ ಕಥೆಗೆ. ಅವನು ಯಾರು, ಎದೆ ಸೀಳಿ ಹೊರಬರುವ ಆ ಏಲಿಯನ್ ಜೀವಿಗಳ ಅಷ್ಟೊಂದು ಮೊಟ್ಟೆ ಹೊತ್ತು ಎಲ್ಲಿಗೆ ಹೊರಟಿದ್ದ? ಪ್ರೊಮಿಥಿಯಸ್ ಅವನ ಜಾತಿಯವರನ್ನು ತೋರಿಸುತ್ತದೆ, ಅವರಿಗೆ ಇಂಜಿನಿಯರ್ ಅಂತ ಹೆಸರೂ ಕೊಡುತ್ತದೆ, ಆದರೆ ಅವನ ಕಥೆ ಮಾತ್ರ ಹೇಳುವುದಿಲ್ಲ. ಜಾಗವೇ ಬೇರೆ! ಇದು ಎಲ್‌ವಿ-223, ಅದು ಎಲ್‌ವಿ-426. ಅವರು ಮನುಷ್ಯರನ್ನು ಹುಟ್ಟಿಸಿದ್ದು ಯಾಕೆ, ಆಮೇಲೆ ಕೊಲ್ಲಲು ಹೊರಟಿದ್ದು ಯಾಕೆ, ಇದಕ್ಕೂ ಉತ್ತರ ಇಲ್ಲ.

ನಾನು ಗಮನಿಸದೆ ಬಿಟ್ಟದ್ದು ಏನಾದರೂ ಇದೆಯಾ? 2017ರ ಏಲಿಯನ್: ಕವನೆಂಟ್ ನೋಡಿದರೆ ಇದೆಲ್ಲ ಬಗೆಹರಿಯುತ್ತಾ?

ಹಳೇ_ರೀಲು

ನೀವು ಏನನ್ನೂ ಬಿಟ್ಟಿಲ್ಲ. ಉತ್ತರ ಚಿತ್ರದಲ್ಲೇ ಇಲ್ಲ. ಆದರೆ ನನಗೆ ಅದಕ್ಕಿಂತ ಬೇಜಾರಾಗಿದ್ದು ಉತ್ತರ ಕೊಟ್ಟ ಕಡೆ.

1979ರ ಆ ದೃಶ್ಯ ಇನ್ನೊಮ್ಮೆ ನೋಡಿ. ಡಲ್ಲಾಸ್, ಕೇನ್, ಲ್ಯಾಂಬರ್ಟ್ ಮೂವರೂ ಒಳಗೆ ಹೋಗುತ್ತಾರೆ, ಅವರ ಮುಂದೆ ಆ ಆಕೃತಿ ಗೋಪುರದ ಹಾಗೆ ಎದ್ದು ನಿಂತಿರುತ್ತದೆ. ಅದನ್ನು ವಿನ್ಯಾಸ ಮಾಡಿದ ಕಲಾವಿದ ಎಚ್.ಆರ್. ಗೀಗರ್ ಅದನ್ನು ಎಲ್ಲಿ ಮೈ ಮುಗಿದು ಎಲ್ಲಿ ಕುರ್ಚಿ ಶುರುವಾಯಿತು ಅಂತ ಗೊತ್ತೇ ಆಗದ ಹಾಗೆ ಮಾಡಿದ್ದಾರೆ. ಎಲುಬು, ಕೊಳವೆ, ಯಂತ್ರ ಎಲ್ಲ ಒಂದರೊಳಗೊಂದು ಬೆಳೆದಂತಿದೆ. ಎದೆಗೂಡಿನ ಎಲುಬು ಒಳಗಿನಿಂದ ಹೊರಕ್ಕೆ ಬಾಗಿದೆ. ಮೈಯೆಲ್ಲ ಕಲ್ಲಾಗಿ ಹೋಗಿದೆ, ಅಂದರೆ ಸತ್ತು ಎಷ್ಟು ಸಾವಿರ ವರ್ಷ ಆಗಿದೆಯೋ ಯಾರಿಗೂ ಗೊತ್ತಿಲ್ಲ. ಅದನ್ನು ಇನ್ನೂ ದೊಡ್ಡದಾಗಿ ಕಾಣಿಸಬೇಕು ಅಂತ ಸ್ಕಾಟ್ ದೂರದ ಶಾಟ್‌ಗಳಲ್ಲಿ ದೊಡ್ಡ ನಟರ ಬದಲು ತಮ್ಮ ಇಬ್ಬರು ಗಂಡುಮಕ್ಕಳಿಗೆ ಚಿಕ್ಕ ಸ್ಪೇಸ್‌ಸೂಟ್ ತೊಡಿಸಿ ನಿಲ್ಲಿಸಿದ್ದರು. ಆ ಗಾತ್ರದ ಮುಂದೆ ಮನುಷ್ಯ ಏನೂ ಅಲ್ಲ ಅನ್ನಿಸಬೇಕು, ಅದಕ್ಕೇ ಅಷ್ಟು ಕಷ್ಟಪಟ್ಟಿದ್ದು.

ಪ್ರೊಮಿಥಿಯಸ್ ಬಂದು ಏನು ಹೇಳಿತು? ಆ ಎಲುಬು ಎಲುಬಲ್ಲ, ಅದೊಂದು ಸೂಟ್. ಆನೆಯ ಸೊಂಡಿಲಿನಂತೆ ಇದ್ದದ್ದು ಹೆಲ್ಮೆಟ್‌ನ ಕೊಳವೆ. ಬಿಚ್ಚಿದರೆ ಒಳಗೆ ನಮಗಿಂತ ಒಂದಿಷ್ಟು ಎತ್ತರದ, ಕೂದಲಿಲ್ಲದ ಗಂಡಸು. ಡಿಎನ್‌ಎ ಕೂಡ ನಮ್ಮದೇ. ಯಾವುದು ನಮಗೂ ತನಗೂ ಏನೇನೂ ಸಂಬಂಧ ಇಲ್ಲದ ಹಾಗೆ ಕೂತಿತ್ತೋ ಅದು ನಮ್ಮ ಅಜ್ಜನಾಗಿಬಿಟ್ಟಿತು. ಬ್ರಹ್ಮಾಂಡದಲ್ಲಿ ಯಾರೋ ಎಲ್ಲಿಗೋ ಹೊರಟಿದ್ದರು, ದಾರಿಯಲ್ಲಿ ಸತ್ತರು, ಅವರ ಸಾಮಾನಿನ ಮೇಲೆ ನಾವು ಕಾಲಿಟ್ಟೆವು. ಮೊದಲ ಚಿತ್ರದ ಹೆದರಿಕೆ ಹುಟ್ಟಿದ್ದೇ ಇಲ್ಲಿಂದ. ಆ ದೈತ್ಯನಿಗೆ ನಾವು ಇದ್ದೇವೆ ಅಂತಲೂ ಗೊತ್ತಿರಲಿಲ್ಲ. ಹೊಸ ಚಿತ್ರದಲ್ಲಿ ಎಲ್ಲವೂ ನಮ್ಮ ಸುತ್ತಲೇ ಸುತ್ತುತ್ತದೆ: ನಮ್ಮನ್ನು ಹುಟ್ಟಿಸಿದವರು, ನಮ್ಮ ಮೇಲೆ ಕೋಪ ಬಂದವರು, ನಮ್ಮ ಭೂಮಿಗೆ ಆಯುಧ ಹೊತ್ತು ಹೊರಟವರು. ಲೋಕ ದೊಡ್ಡದಾಗಬೇಕಾದ ಕಡೆ ಸಣ್ಣದಾಯಿತು.

ಕಕ್ಷೆ_ತಪ್ಪಿದವ

ಇಂಜಿನಿಯರ್ ವಿಷಯ ಹೇಗಾದರೂ ನುಂಗಿಕೊಳ್ಳಬಹುದು. ಆ ವಿಜ್ಞಾನಿಗಳನ್ನು ನುಂಗಲು ಆಗಲಿಲ್ಲ.

ಏಲಿಯನ್‌ನಲ್ಲಿ ನಾಸ್ಟ್ರೋಮೊ ಹಡಗಿನವರು ಯಾರು? ಸರಕು ಎಳೆಯುವ ಕೆಲಸಗಾರರು. ಬೋನಸ್ ಯಾವಾಗ ಅಂತ ಜಗಳ ಆಡುವವರು. ಅಂಥವರ ನಡುವೆಯೂ, ಮುಖಕ್ಕೆ ಜೀವಿ ಅಂಟಿಕೊಂಡ ಕೇನ್‌ನನ್ನು ಹೊತ್ತು ತಂದಾಗ ಹಡಗಿನ ಅಧಿಕಾರಿ ರಿಪ್ಲಿ ಬಾಗಿಲು ತೆಗೆಯುವುದಿಲ್ಲ. ಕ್ವಾರಂಟೈನ್ ನಿಯಮ ಇದೆ, 24 ಗಂಟೆ ಹೊರಗಿರಬೇಕು ಅಂತ ಕ್ಯಾಪ್ಟನ್‌ಗೇ ಹೇಳುತ್ತಾಳೆ. ಬಾಗಿಲು ತೆಗೆಯುವುದು ಹಡಗಿನ ವಿಜ್ಞಾನಾಧಿಕಾರಿ ಆ್ಯಶ್, ಅವನಿಗೆ ಕಂಪನಿಯ ಗುಟ್ಟಿನ ಆದೇಶ ಇರುತ್ತದೆ. ಅಂದರೆ ದುರಂತ ಆಗಿದ್ದು ಯಾರದೋ ದಡ್ಡತನದಿಂದಲ್ಲ, ಬುದ್ಧಿ ಇದ್ದವಳ ಮಾತು ನಡೆಯದೇ ಹೋದದ್ದರಿಂದ. ಅದಕ್ಕೇ ನಮಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಪ್ರೊಮಿಥಿಯಸ್‌ನಲ್ಲಿ ಕಂಪನಿ ಒಂದು ಟ್ರಿಲಿಯನ್ ಡಾಲರ್ ಖರ್ಚು ಮಾಡಿದೆ ಅಂತ ಕಂಪನಿಯ ಪ್ರತಿನಿಧಿ ವಿಕರ್ಸ್ ಬಾಯಲ್ಲೇ ಹೇಳಿಸುತ್ತಾರೆ. ಅಷ್ಟು ದುಡ್ಡು ಸುರಿದು ಕರೆತಂದವರು ಏನು ಮಾಡುತ್ತಾರೆ? ಗೊತ್ತಿಲ್ಲದ ಲೋಕದಲ್ಲಿ, ಗೊತ್ತಿಲ್ಲದ ಕಟ್ಟಡದೊಳಗೆ, ಗಾಳಿ ಉಸಿರಾಡಲು ಸರಿ ಇದೆ ಅಂತ ಕಂಡ ಕೂಡಲೇ ಪುರಾತತ್ವ ವಿಜ್ಞಾನಿ ಹಾಲೋವೇ ಹೆಲ್ಮೆಟ್ ತೆಗೆಯುತ್ತಾನೆ. ಹಿಂದೆಯೇ ಉಳಿದವರೂ ತೆಗೆಯುತ್ತಾರೆ. ಉಸಿರಾಡಲು ಸರಿ ಇರುವುದು ಬೇರೆ, ಆ ಗಾಳಿಯಲ್ಲಿ ರೋಗಾಣು ಇಲ್ಲದಿರುವುದು ಬೇರೆ ಅಲ್ವಾ? ಫೈಫೀಲ್ಡ್ ಕೆಲಸವೇ ಹಾರುವ ಗುಂಡುಗಳನ್ನು ಬಿಟ್ಟು ಸುರಂಗದ ನಕ್ಷೆ ತೆಗೆಯುವುದು, ದಾರಿ ತಪ್ಪುವುದೂ ಅವನೇ. ಮಿಲ್ಬರ್ನ್ ಜೀವವಿಜ್ಞಾನಿ. ಸಾವಿರಾರು ವರ್ಷದ ಹಿಂದಿನ ಹೆಣ ನೋಡಿ ಹೆದರಿ ಓಡಿದವನು, ಹೆಡೆ ಎತ್ತಿ ನಿಂತ ಜೀವಂತ ಹಾವಿನಂಥ ಪ್ರಾಣಿಯನ್ನು ಮುದ್ದು ಮಾಡಲು ಕೈ ಚಾಚುತ್ತಾನೆ. ಕಡೆಗೆ ಬಳೆಯಾಕಾರದ ಹಡಗು ಉರುಳಿ ಬರುವಾಗ ಹಾಲೋವೇ ಜೊತೆಗಾರ್ತಿ ಶಾ ಮತ್ತು ವಿಕರ್ಸ್ ಪಕ್ಕಕ್ಕೆ ಸರಿಯದೆ ಅದರ ದಾರಿಯಲ್ಲೇ ನೇರ ಓಡುತ್ತಾರೆ.

ಭಯದ ಸಿನಿಮಾದಲ್ಲಿ ಜನ ತಪ್ಪು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಆ ತಪ್ಪು ಆ ಮನುಷ್ಯನ ಸ್ವಭಾವದಿಂದ ಬರಬೇಕು. ಇಲ್ಲಿ ಮುಂದಿನ ದೃಶ್ಯಕ್ಕೆ ಒಂದು ಹೆಣ ಬೇಕು, ಅದಕ್ಕೆ ತಪ್ಪು ಮಾಡಿಸಿದ್ದಾರೆ.

ನೀಲಿ_ಪರದೆ

ಇಷ್ಟೊಂದು ಬೈಗುಳ ಈ ಚಿತ್ರಕ್ಕೆ ಬೇಡ. ನಾನು ಇದನ್ನು ಪ್ರೀತಿಸುವವರ ಗುಂಪಿನವಳು, ಹಾಗಾಗಿ ಇನ್ನೊಂದು ಬದಿಯನ್ನೂ ಹೇಳುತ್ತೇನೆ.

ಮನುಷ್ಯನಂತೆಯೇ ಕಾಣುವ ಹಡಗಿನ ರೋಬಾಟ್ ಡೇವಿಡ್ ಒಬ್ಬನಿಗಾಗಿಯೇ ಇದನ್ನು ನೋಡಬಹುದು. ಎಲ್ಲರೂ ನಿದ್ದೆಯಲ್ಲಿರುವಾಗ ಆ ಪಾತ್ರ ಮಾಡಿದ ಮೈಕಲ್ ಫಾಸ್ಬೆಂಡರ್ ಒಬ್ಬರೇ ಹಡಗಿನಲ್ಲಿ ಓಡಾಡುತ್ತಾ, ಹಳೇ ಸಿನಿಮಾ ನೋಡಿ ಅದರ ನಾಯಕನ ಹಾಗೆ ಕೂದಲು ಬಾಚಿಕೊಳ್ಳುವ ಆ ಭಾಗ ಇಡೀ ಸರಣಿಯಲ್ಲೇ ಒಳ್ಳೆಯ ಭಾಗಗಳಲ್ಲಿ ಒಂದು. ಆಮೇಲೆ ಬಿಲಿಯರ್ಡ್ಸ್ ಮೇಜಿನ ಹತ್ತಿರ ಹಾಲೋವೇ ಜೊತೆ ಮಾತು. ನನ್ನನ್ನು ಯಾಕೆ ಮಾಡಿದಿರಿ ಅಂತ ಡೇವಿಡ್ ಕೇಳುತ್ತಾನೆ, ಮಾಡಲು ಆಗುತ್ತಿತ್ತು ಅದಕ್ಕೆ ಮಾಡಿದೆವು ಅಂತ ಹಾಲೋವೇ ಹೇಳುತ್ತಾನೆ. ನಿಮ್ಮನ್ನು ಮಾಡಿದವರೂ ನಿಮಗೆ ಇದೇ ಉತ್ತರ ಕೊಟ್ಟರೆ ಹೇಗಿರುತ್ತೆ ಯೋಚಿಸಿ ಅನ್ನುತ್ತಾನೆ ಡೇವಿಡ್. ನೀವು ಕೇಳಿದ ಯಾಕೆ ಎಂಬುದಕ್ಕೆ ಚಿತ್ರ ಕೊಡುವ ಉತ್ತರ ಇದೇ ಅಂತ ನನಗೆ ಅನ್ನಿಸುತ್ತದೆ. ಹುಟ್ಟಿಸಿದವನ ಹತ್ತಿರ ದೊಡ್ಡ ಕಾರಣ ಇರಲೇಬೇಕು ಅಂತೇನಿಲ್ಲ.

ಹೊಟ್ಟೆಯೊಳಗೆ ಬೆಳೆದ ಜೀವಿಯನ್ನು ತೆಗೆಸಲು ಶಾ ಯಂತ್ರದಲ್ಲಿ ತನಗೆ ತಾನೇ ಆಪರೇಷನ್ ಮಾಡಿಸಿಕೊಳ್ಳುವ ದೃಶ್ಯವನ್ನೂ ಮರೆಯಬೇಡಿ. ಆ ಯಂತ್ರ ಗಂಡಸರಿಗೆ ಮಾತ್ರ ಹೊಂದಿಸಿದ್ದು ಅಂತ ಹೇಳುತ್ತದೆ. ಇಟ್ಟಿರುವುದು ವಿಕರ್ಸ್ ಕೋಣೆಯಲ್ಲಿ, ಅವಳೋ ಹೆಂಗಸು. ಹಾಗಾದರೆ ಅದು ಯಾರಿಗೆ? ಕಂಪನಿಯ ಮಾಲೀಕ, ಮುದುಕ ವೇಲ್ಯಾಂಡ್ ಹಡಗಿನಲ್ಲೇ ಅಡಗಿದ್ದಾನೆ ಅಂತ ಅಲ್ಲೇ ಸುಳಿವು ಕೊಟ್ಟಿದ್ದಾರೆ. ಇಷ್ಟು ಜಾಣತನ ಇರುವ ಚಿತ್ರವನ್ನು ಸುಮ್ನೆ ತಳ್ಳಿಹಾಕಲು ಆಗಲ್ಲ.

ಡಿಸ್ಕ್‌ನಲ್ಲಿ ಕೊಟ್ಟ ಡಿಲೀಟೆಡ್ ದೃಶ್ಯಗಳನ್ನು ಹುಡುಕಿ ನೋಡಿ. ಒಂದರಲ್ಲಿ ಮಿಲ್ಬರ್ನ್ ಮಣ್ಣಿನಲ್ಲಿ ಸಣ್ಣ ಹುಳು ಕಂಡು ಮಗುವಿನ ಹಾಗೆ ಖುಷಿಪಡುತ್ತಾನೆ. ಅದನ್ನು ನೋಡಿದ ಮೇಲೆ ಆ ಹಾವಿಗೆ ಕೈ ಚಾಚಿದ್ದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ. ಇನ್ನೊಂದರಲ್ಲಿ ಎಚ್ಚರಗೊಂಡ ಇಂಜಿನಿಯರ್ ಮಾತಾಡುತ್ತಾನೆ! ವೇಲ್ಯಾಂಡ್ ಡೇವಿಡ್‌ನನ್ನು ತೋರಿಸಿ ಇವನನ್ನು ಹುಟ್ಟಿಸಿದವನು ನಾನು, ನಾನೂ ನೀನೂ ಒಂದೇ, ದೇವರು ಸಾಯಬಾರದು ಅಂತ ವಾದಿಸುತ್ತಾನೆ. ಆಮೇಲೆ ಇಂಜಿನಿಯರ್‌ನ ಹೊಡೆತಕ್ಕೆ ಅರ್ಥ ಬರುತ್ತದೆ.

ಮಧ್ಯರಾತ್ರಿ_ಶೋ

ಈ ಡಿಲೀಟೆಡ್ ದೃಶ್ಯಗಳ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಆದರೆ ಇಂಜಿನಿಯರ್ ಮಾತಾಡುವ ದೃಶ್ಯವನ್ನೇ ಕತ್ತರಿಸಿದ್ದು ಯಾಕೆ? ಇಡೀ ಚಿತ್ರ ಓಡುವುದೇ ಆ ಭೇಟಿಯ ಕಡೆಗೆ. ನಮ್ಮನ್ನು ಮಾಡಿದವರ ಎದುರು ನಿಂತು ಪ್ರಶ್ನೆ ಕೇಳಬೇಕು ಅಂತಲೇ ಅಷ್ಟು ದೂರ ಬಂದಿದ್ದಾರೆ. ತೆರೆಯ ಮೇಲೆ ಡೇವಿಡ್ ಒಂದು ಸಾಲು ಹೇಳುತ್ತಾನೆ, ದೈತ್ಯ ಅವನ ತಲೆ ಕೀಳುತ್ತಾನೆ, ಮುಗಿಯಿತು.

ಹಳೇ_ರೀಲು

@ನೀಲಿ_ಪರದೆ, ಡೇವಿಡ್ ಬಗ್ಗೆ ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹಾಲೋವೇ ಜೊತೆಗಿನ ಆ ಮಾತು ಚಿನ್ನ. ಆದರೆ ಒಂದು ಮಾತು. ನೋಡುಗನಿಗೆ ಪಾತ್ರ ಅರ್ಥ ಆಗಬೇಕಾದರೆ ಡಿಸ್ಕ್ ತಿರುವಬೇಕು ಅಂದರೆ ಅದು ಚಿತ್ರದ ಸೋಲೇ ಅಲ್ವಾ? ಥಿಯೇಟರ್‌ನಲ್ಲಿ ಕೂತವರ ಮುಂದೆ ಮಿಲ್ಬರ್ನ್ ಬರೀ ದಡ್ಡ.

ಇದು ಎರಡು ಮನಸ್ಸಿನ ಚಿತ್ರ ಆಗಿದ್ದಕ್ಕೂ ಕಾರಣ ಇದೆ. ಜಾನ್ ಸ್ಪೇಟ್ಸ್ ಮೊದಲು ಬರೆದ ಕಥೆ ನೇರ ಪ್ರೀಕ್ವೆಲ್ (ಅಂದರೆ ಮೊದಲ ಚಿತ್ರಕ್ಕೂ ಹಿಂದೆ ನಡೆದ ಕಥೆ), ಹಳೇ ಚಿತ್ರದ ಜೀವಿಗಳೂ ಅದರಲ್ಲಿ ಇದ್ದವು. ಆಮೇಲೆ ಡೇಮನ್ ಲಿಂಡಲಾಫ್ ಬಂದು ತಿದ್ದಿದರು, ಏಲಿಯನ್ ಭಾಗ ಕಡಿಮೆಯಾಯಿತು, ಸೃಷ್ಟಿಕರ್ತನ ಪ್ರಶ್ನೆ ಮುಂದೆ ಬಂತು. ಎರಡರಲ್ಲಿ ಯಾವುದನ್ನಾದರೂ ಒಂದನ್ನು ಪೂರ್ತಿ ಮಾಡಿದ್ದರೂ ನಾನು ಖುಷಿಯಿಂದ ನೋಡುತ್ತಿದ್ದೆ. ಈಗಿರುವುದರಲ್ಲಿ ದೇವರ ಬಗ್ಗೆ ಗಂಭೀರ ಮಾತು ನಡೆಯುತ್ತಿರುತ್ತದೆ, ಅಷ್ಟರಲ್ಲಿ ಕಪ್ಪು ದ್ರವ ತಗುಲಿ ರೂಪ ಕೆಟ್ಟ ಫೈಫೀಲ್ಡ್ ಬಂದು ಬಾಗಿಲಲ್ಲಿ ಹಲವರನ್ನು ಬಡಿದು ಹಾಕುತ್ತಾನೆ. ಆ ಸಾವುಗಳ ಬಗ್ಗೆ ಆಮೇಲೆ ಯಾರೂ ಸರಿಯಾಗಿ ಮಾತೂ ಆಡುವುದಿಲ್ಲ. ಶಾ ಹೊಟ್ಟೆ ಸೀಳಿಕೊಂಡು ರಕ್ತದಲ್ಲಿ ನೆನೆದು ಬಂದರೂ ಯಾರಿಗೂ ಅದೊಂದು ದೊಡ್ಡ ವಿಷಯ ಆಗುವುದಿಲ್ಲ.

ಇನ್ನೊಂದು. ಭೂಮಿಯ ಬೇರೆ ಬೇರೆ ಕಡೆ ಪ್ರಾಚೀನರು ಬಿಡಿಸಿದ ನಕ್ಷತ್ರದ ನಕ್ಷೆ ಹಿಡಿದು ಇವರು ಹೊರಟರು, ತಲುಪಿದ್ದು ಆಯುಧದ ಉಗ್ರಾಣಕ್ಕೆ. ಆಯುಧ ಬಚ್ಚಿಟ್ಟ ಜಾಗದ ವಿಳಾಸವನ್ನು ಗುಹೆಯಲ್ಲಿರುವವರಿಗೆ ಯಾಕೆ ಕೊಟ್ಟರು? ಕಥೆಯ ಮೊದಲ ಮೆಟ್ಟಿಲೇ ಇದು.

ಬಾಲ_ನಕ್ಷತ್ರ

ಕವನೆಂಟ್ ಬಗ್ಗೆ ಕೇಳಿದ್ದಿರಿ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಹೆಚ್ಚು ಬಿಚ್ಚಿ ಹೇಳದೆ ಬರೆಯಲು ಆಗುವುದಿಲ್ಲ, ನೋಡುವ ಆಸೆ ಇದ್ದರೆ ಇಲ್ಲೇ ನಿಲ್ಲಿಸಿ.

ಬಗೆಹರಿಯುವುದಿಲ್ಲ. ಪ್ರೊಮಿಥಿಯಸ್ ಕೊನೆಯಲ್ಲಿ ಶಾ ಇಂಜಿನಿಯರ್‌ಗಳ ಊರು ಹುಡುಕಿ ಹೊರಡುತ್ತಾಳೆ, ಕಾರಣ ಕೇಳಲು. ಕವನೆಂಟ್ ಶುರುವಾಗುವಷ್ಟರಲ್ಲಿ ಅವಳು ಸತ್ತಿದ್ದಾಳೆ. ಡೇವಿಡ್ ಆ ಊರಿನ ಮೇಲೆಯೇ ಕಪ್ಪು ದ್ರವ ಸುರಿದು ಎಲ್ಲರನ್ನೂ ಕೊಂದಿದ್ದಾನೆ, ಅದನ್ನು ಒಂದು ಸಣ್ಣ ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸಿ ಮುಗಿಸುತ್ತಾರೆ. ಅಂದರೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳಬಲ್ಲವರನ್ನೇ ಅಳಿಸಿಬಿಟ್ಟರು. ನನಗೆ ಅತಿ ಹೆಚ್ಚು ನೋವಾಗಿದ್ದು ಇದು, ಶಾ ಪಾತ್ರವನ್ನು ನೂಮಿ ರಪಾಸ್ ಅಷ್ಟು ಜೀವ ತುಂಬಿ ಮಾಡಿದ್ದರು.

ಬದಲಿಗೆ ಕೊಡುವುದು ಬೇರೊಂದು ಉತ್ತರ. ಆ ಏಲಿಯನ್ ಜೀವಿಯನ್ನು ಕೈಯಾರೆ ತಿದ್ದಿ ತೀಡಿ ಬೆಳೆಸಿದ್ದು ಡೇವಿಡ್ ಅನ್ನುವ ಹಾಗೆ ಕಥೆ ಹೋಗುತ್ತದೆ. ಇದು 2104ರಲ್ಲಿ. ನಾಸ್ಟ್ರೋಮೊ ಕಥೆ 2122ರಲ್ಲಿ. ನಡುವೆ ಇರುವುದು 18 ವರ್ಷ! ಹಾಗಾದರೆ ಕುರ್ಚಿಯಲ್ಲಿ ಕಲ್ಲಾಗಿ ಕೂತ ದೈತ್ಯನ ಎದೆ ಒಡೆದದ್ದು ಯಾವುದು, ಅವನ ಹಡಗಿಗೆ ಮೊಟ್ಟೆ ಬಂದದ್ದು ಎಲ್ಲಿಂದ? ಎರಡು ಪ್ರೀಕ್ವೆಲ್ ಮಾಡಿಯೂ ಅವನ ಕಥೆ ಶುರುವಾದಲ್ಲೇ ನಿಂತಿದೆ, ಮೇಲೆ ಹೊಸ ಗಂಟು ಬಿದ್ದಿದೆ.

ಹೆಲ್ಮೆಟ್ ವಿಷಯ ಹೇಳಿದವರಿಗೆ: ಇದರಲ್ಲಿ ಹೆಲ್ಮೆಟ್ ಇಲ್ಲದೆಯೇ ಹೊಸ ಗ್ರಹಕ್ಕೆ ಇಳಿಯುತ್ತಾರೆ. ಹಡಗಿನಲ್ಲಿ 2000 ವಲಸಿಗರು ನಿದ್ದೆಯಲ್ಲಿದ್ದಾರೆ, ಅಷ್ಟು ಜೀವಗಳ ಹೊಣೆ ಹೊತ್ತವರು ಇವರು.

ಆದರೂ ನೋಡಿ ಅಂತಲೇ ಹೇಳುತ್ತೇನೆ. ಫಾಸ್ಬೆಂಡರ್ ಇದರಲ್ಲಿ ಎರಡು ಪಾತ್ರ ಮಾಡಿದ್ದಾರೆ, ಡೇವಿಡ್ ಮತ್ತು ಅವನಂಥದೇ ಇನ್ನೊಂದು ರೋಬಾಟ್ ವಾಲ್ಟರ್. ಒಂದೇ ಮುಖದ ಇಬ್ಬರು ಎದುರುಬದುರು ಕೂತು ಒಬ್ಬ ಇನ್ನೊಬ್ಬನಿಗೆ ಕೊಳಲು ಕಲಿಸುವ ದೃಶ್ಯ ಇದೆ. ಅಲ್ಲಿ ಯಾರು ಯಾರು ಅಂತ ಬರೀ ಕಣ್ಣು ನೋಡಿದರೆ ಗೊತ್ತಾಗುತ್ತದೆ. ಮೊದಲು ಡಿಲೀಟೆಡ್ ದೃಶ್ಯಗಳು, ಆಮೇಲೆ ಇದು. ಡೇವಿಡ್‌ನ ಕಥೆ ಅಂತ ಅಂದುಕೊಂಡು ಕೂರಿ. ಕುರ್ಚಿಯವನ ಕಥೆ ಸಿಗುತ್ತೆ ಅಂತ ಮಾತ್ರ ಕಾಯಬೇಡಿ.